ಹೀರೋ ಬೇಡ, ದಾರಿ ಹಂಚಿಕೊಳ್ಳಿ: ಗೆಳೆಯರು ಕೂಡಿ ಇತಿಹಾಸದ ಕಾಮಿಕ್ಸ್ ಮಾಡುವುದು ಹೇಗೆ

ನಾಲ್ಕೈದು ಜನ ಸೇರಿ ಒಂದೇ ಕಲ್ಪನೆಯ ಲೋಕದಲ್ಲಿ ಕಾಮಿಕ್ಸ್ ಮಾಡೋಣ ಅಂತ ಕೂತರೆ ಮೊದಲು ಬರುವ ಪ್ರಶ್ನೆ, "ನಮ್ಮ ಹೀರೋ ಯಾರು?" ಆ ಪ್ರಶ್ನೆಯನ್ನು ಬದಿಗಿಡಿ. ಹೀರೋನನ್ನು ಹಂಚಿಕೊಂಡರೆ ಅವನು ಯಾರ ಕೈಯಲ್ಲೂ ಬೆಳೆಯುವುದಿಲ್ಲ. ಒಬ್ಬರು ಅವನಿಗೆ ಮದುವೆ ಮಾಡಿಸಬೇಕು ಅಂತಾರೆ, ಇನ್ನೊಬ್ಬರು ಯುದ್ಧಕ್ಕೆ ಕಳಿಸಬೇಕು ಅಂತಾರೆ, ಕೊನೆಗೆ ಎಲ್ಲರಿಗೂ ಒಪ್ಪಿಗೆಯಾಗುವಂಥ ಸಪ್ಪೆ ಮನುಷ್ಯ ಉಳಿಯುತ್ತಾನೆ. ಹಂಚಿಕೊಳ್ಳಬೇಕಾದ್ದು ಬೇರೆ: ಒಂದು ದಾರಿ, ಒಂದು ಪಂಚಾಂಗ, ಒಂದು ನಾಣ್ಯದ ಲೆಕ್ಕ. ಪಾತ್ರಗಳು ಅವರವರದ್ದೇ ಆಗಿರಲಿ.

ನಾನು ಹೊಸಪೇಟೆಯವನು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಭಟ್ಕಳದ ಒಬ್ಬ ಗೆಳತಿ, ಶಿರಸಿಯ ಒಬ್ಬ ಗೆಳೆಯ, ರಾಯಚೂರಿನ ಇನ್ನೊಬ್ಬ, ಹೀಗೆ ನಾವೊಂದಿಷ್ಟು ಜನ ವಿಜಯನಗರದ ಕಾಲದ ಒಂದು ಲೋಕ ಕಟ್ಟಿಕೊಂಡು ಅದರೊಳಗೆ ಬೇರೆ ಬೇರೆ ಕಥೆ ಬರೆಯುತ್ತೇವೆ. ನಾವು ಮಾಡುವ ರೀತಿಯನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮ ಕಾಲ ಹೊಯ್ಸಳರದ್ದಾಗಲಿ, ಕೆಳದಿಯದ್ದಾಗಲಿ, ಕೆಲಸದ ಕ್ರಮ ಇದೇ.

ದಾರಿ ಆರಿಸುವುದು

ರಾಜಧಾನಿಯಿಂದ ಶುರು ಮಾಡಬೇಡಿ. ಹಂಪಿ ಅಂದ ಕೂಡಲೇ ಎಲ್ಲರ ಕಣ್ಣಿಗೂ ಕಲ್ಲಿನ ರಥವೇ ಬರುತ್ತದೆ, ಎಲ್ಲರೂ ಅರಮನೆಯ ಕಥೆಯನ್ನೇ ಬರೆಯುತ್ತಾರೆ. ನಾವು ಆರಿಸಿಕೊಂಡದ್ದು ಭಟ್ಕಳದಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಬರುವ ಕುದುರೆ ದಾರಿ. ಪರ್ಷಿಯಾ ಕೊಲ್ಲಿಯ ಬಂದರು ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದ ಮೇಲೆ ಆ ವ್ಯಾಪಾರದ ಲಗಾಮು ಅವರ ಕೈಗೆ ಹೋಗುತ್ತಾ ಬಂತು. ಅಂದರೆ ಕಡಲಿನ ರಾಜಕೀಯ, ಘಟ್ಟದ ಮಳೆ, ಬಯಲುಸೀಮೆಯ ಬರ, ರಾಜಧಾನಿಯ ಅಗತ್ಯ, ಎಲ್ಲವೂ ಈ ಒಂದು ದಾರಿಯ ಮೇಲೆ ಸಿಗುತ್ತವೆ. ಕರಾವಳಿಯವರಿಗೆ ಕರಾವಳಿಯ ಕಥೆ, ಮಲೆನಾಡಿನವರಿಗೆ ಕಾಡಿನ ಕಥೆ, ನನಗೆ ತುಂಗಭದ್ರೆಯ ದಡದ ಕಥೆ. ಯಾರೂ ಯಾರ ಕಾಲನ್ನೂ ತುಳಿಯುವುದಿಲ್ಲ.

ದಾರಿಯ ಮೇಲೆ ಒಂದೇ ಒಂದು ಕಲ್ಪನೆಯ ಊರು ಇಟ್ಟುಕೊಳ್ಳಿ, ಅದು ಎಲ್ಲರಿಗೂ ಸೇರಿದ್ದು. ನಮ್ಮದು ಕುದುರೆಸಾಲು. ಘಟ್ಟ ಇಳಿದು ಬಯಲು ಶುರುವಾಗುವ ಕಡೆ ಇರುವ ತಂಗುದಾಣ. ಒಂದು ಕೆರೆ, ಒಂದು ಸುಂಕದ ಕಟ್ಟೆ, ಒಂದು ಹುಲ್ಲಿನ ಮಂಡಿ, ವಾರದ ಸಂತೆ. ಕಲ್ಪನೆಯ ಊರು ಯಾಕೆ ಬೇಕು ಅಂದರೆ, ನಿಜವಾದ ಊರಿನ ಸುಂಕದವನನ್ನು ಲಂಚಕೋರ ಮಾಡಿದರೆ ಆ ಊರಿನ ಇತಿಹಾಸಕ್ಕೆ ನೀವು ಸುಳ್ಳು ಸೇರಿಸಿದಂತೆ. ಕುದುರೆಸಾಲಿನಲ್ಲಿ ಏನು ಬೇಕಾದರೂ ಆಗಬಹುದು. ವಿಜಯನಗರದಲ್ಲಿ, ಭಟ್ಕಳದಲ್ಲಿ, ರಾಯಚೂರಿನಲ್ಲಿ ಆಗದ್ದು ಆಗಬಾರದು.

ಆ ಊರಿನ ನಕ್ಷೆಯನ್ನು ಎಲ್ಲರೂ ಕೂತು ಒಂದೇ ಹಾಳೆಯ ಮೇಲೆ ಬಿಡಿಸಿ. ಸಂತೆ ಕೆರೆಯ ಯಾವ ಮಗ್ಗುಲಿಗೆ, ಬೆಳಗಿನ ಬಿಸಿಲು ಸುಂಕದ ಕಟ್ಟೆಯ ಯಾವ ಕಂಬದ ಮೇಲೆ ಬೀಳುತ್ತದೆ, ಹುಲ್ಲಿನ ಮಂಡಿಯಿಂದ ಕೆರೆ ಕಾಣುತ್ತದೋ ಇಲ್ಲವೋ. ಇಷ್ಟು ತೀರ್ಮಾನವಾದರೆ ಬೇರೆ ಬೇರೆ ಕೈಗಳು ಬರೆದ ಪುಟಗಳೂ ಒಂದೇ ಊರಿನವು ಅನ್ನಿಸುತ್ತವೆ.

ಪಂಚಾಂಗ ಇಟ್ಟುಕೊಳ್ಳಿ, ಕ್ಯಾಲೆಂಡರ್ ಅಲ್ಲ

ನಮ್ಮ ಕಥೆಗಳ ನಡುವಿನ ವರ್ಷ 1520. ಶಕ 1442, ವಿಕ್ರಮ ಸಂವತ್ಸರ. ಆ ವರ್ಷ ಮೇ ತಿಂಗಳಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿನ ಯುದ್ಧವಾಯಿತು. ಹಿಂದಕ್ಕೆ 1485ರ ಸುಮಾರಿಗೆ ವಿಜಯನಗರದ ಪಟ್ಟಕ್ಕೆ ಬಂದ ಸಾಳುವ ನರಸಿಂಹನ ಕಾಲದವರೆಗೆ, ಮುಂದಕ್ಕೆ ವಿಜಯನಗರ ಸೋತ 1565ರ ಜನವರಿಯ ರಕ್ಕಸಗಿ–ತಂಗಡಗಿ ಯುದ್ಧದವರೆಗೆ ನಮ್ಮ ಲೋಕದ ಗಡಿ.

ಪ್ರತಿ ಕಥೆಗೂ ತಾರೀಕು ಹಾಕುವ ಬದಲು ಮಾಸ, ಪಕ್ಷ, ತಿಥಿ ಹಾಕಿ. ಇದರಲ್ಲಿ ಚಿತ್ರಕಾರನಿಗೆ ದೊಡ್ಡ ಲಾಭವಿದೆ. ತಿಥಿ ಗೊತ್ತಾದರೆ ಚಂದ್ರ ಗೊತ್ತಾಗುತ್ತಾನೆ. ಕಾರ್ತಿಕ ಶುದ್ಧ ಪಂಚಮಿಯ ರಾತ್ರಿ ಅಂದರೆ ಸಣ್ಣ ಚಂದ್ರ, ಅದೂ ಪಡುವಣದಲ್ಲಿ, ಮಲಗುವ ಹೊತ್ತಿಗೆ ಮುಳುಗಿರುತ್ತದೆ. ಬಹುಳ ಚತುರ್ದಶಿಯ ರಾತ್ರಿ ಕಳ್ಳತನ ನಡೆದರೆ ಪುಟವೆಲ್ಲ ಕಪ್ಪು ಶಾಯಿ, ದೀವಟಿಗೆಯ ಸುತ್ತ ಮಾತ್ರ ಬೆಳಕು. ಶಿರಸಿಯವನು ಬರೆದ ರಾತ್ರಿಗೂ ನಾನು ಬರೆದ ರಾತ್ರಿಗೂ ಚಂದ್ರ ಒಂದೇ ಇದ್ದರೆ, ಅವೆರಡೂ ಒಂದೇ ರಾತ್ರಿ ಅಂತ ಓದುಗರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಋತುವೂ ಹಾಗೇ. ಆಷಾಢ, ಶ್ರಾವಣದಲ್ಲಿ ಪಡುವಣ ಕರಾವಳಿಯ ಬಂದರುಗಳಿಗೆ ಹಡಗು ಬರುವುದಿಲ್ಲ, ಘಟ್ಟದ ದಾರಿ ಕೆಸರು. ಆಗ ಕುದುರೆಸಾಲಿನಲ್ಲಿ ಕೆಲಸವಿಲ್ಲ. ಸಾಲ, ಜಗಳ, ಮದುವೆ ಮಾತುಕತೆಯ ಕಥೆಗಳಿಗೆ ಅದೇ ಕಾಲ. ಆಶ್ವಯುಜದ ಮಹಾನವಮಿಗೆ ರಾಜಧಾನಿಯಲ್ಲಿ ಆನೆ, ಕುದುರೆಗಳ ಮೆರವಣಿಗೆ. ಅದರ ಮುಂಚಿನ ವಾರಗಳಲ್ಲಿ ದಾರಿಯ ಮೇಲೆ ಉಸಿರಾಡಲು ಬಿಡುವಿರುವುದಿಲ್ಲ.

ಇದರ ಜೊತೆಗೆ ಕಟ್ಟಡಗಳ ಪಟ್ಟಿ ಬೇಕೇ ಬೇಕು. ಹಂಪಿಯಲ್ಲಿ ಇವತ್ತು ಕಾಣುವುದೆಲ್ಲ ಒಂದೇ ಸಲಕ್ಕೆ ಎದ್ದದ್ದಲ್ಲ. ಉಗ್ರನರಸಿಂಹನ ಮೂರ್ತಿ ಆದದ್ದು 1528ರಲ್ಲಿ. ಅಚ್ಯುತರಾಯನ ಕಾಲದ ತಿರುವೆಂಗಳನಾಥನ ಗುಡಿ 1534ರದ್ದು. 1520ರ ಪುಟದಲ್ಲಿ ಇವೆರಡೂ ಇರಬಾರದು. ವಿರೂಪಾಕ್ಷನ ಗುಡಿಯ ರಂಗಮಂಟಪ ಇರಬಹುದು, ಅದು ಕೃಷ್ಣದೇವರಾಯನ ಪಟ್ಟಾಭಿಷೇಕದ ಹೊತ್ತಿನದ್ದು. ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದನ್ನು ನೋಡಬಹುದು. ಇವತ್ತಿನ ನೋಟಿನ ಮೇಲಿರುವ ರಥವನ್ನು ನೋಡಿ ಬಿಡಿಸಿದರೆ ಶಿಖರ ತಪ್ಪಿಹೋಗುತ್ತದೆ. ಆ ಹಳೆಯ ಫೋಟೋಗಳನ್ನು ಗುಂಪಿನ ಪ್ರತಿಯೊಬ್ಬರೂ ನೋಡಿರಬೇಕು ಅನ್ನುವುದು ನನ್ನ ಹಟ.

ಚಿತ್ರದಲ್ಲಿ ಏನಿರಬಾರದು

ಈ ವಿಷಯಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ, ಯಾಕಂದರೆ ಇತಿಹಾಸದ ಕಾಮಿಕ್ಸ್ ಹಾಳಾಗುವುದು ರಾಜರ ಹೆಸರು ತಪ್ಪಾಗಿ ಅಲ್ಲ, ಹಿನ್ನೆಲೆಯ ಗಿಡ ತಪ್ಪಾಗಿ.

ಮೊದಲು ಸಂತೆ. 1520ರ ಒಳನಾಡಿನ ಸಂತೆಯಲ್ಲಿ ಒಣಮೆಣಸಿನಕಾಯಿಯ ಕೆಂಪು ರಾಶಿ ಇರಬಾರದು. ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ಶೇಂಗಾ, ಸೀಬೆ, ಪಪ್ಪಾಯಿ, ಗೋಡಂಬಿ, ಹೊಗೆಸೊಪ್ಪು, ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಬೇಡರ ಮುದುಕ ಕಟ್ಟೆಯ ಮೇಲೆ ಕೂತು ಬೀಡಿ ಎಳೆಯುವ ಹಾಗಿಲ್ಲ. ಎಲೆ ಅಡಿಕೆ ಹಾಕಿಕೊಳ್ಳಲಿ. ಅಡುಗೆಗೆ ಖಾರ ಬೇಕಾದರೆ ಕರಿಮೆಣಸು, ಶುಂಠಿ. ಹಾಗಂತ ಸಂತೆ ಬಡವಾಗುವುದಿಲ್ಲ. ಜೋಳ, ರಾಗಿ, ನವಣೆ, ಹುರುಳಿ, ಅವರೆ, ಹೆಸರು, ಎಳ್ಳು, ಬೆಲ್ಲ, ನಿಂಬೆ, ಕಿತ್ತಳೆ, ಬಾಳೆ ಇವೆ. ಗುಲಾಬಿಯಂತೂ ಇರಲೇಬೇಕು. 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನವರಿಗೆ ಗುಲಾಬಿ ಇಲ್ಲದೆ ಆಗುವುದೇ ಇಲ್ಲ ಅನ್ನುವಂತೆ ಬರೆದಿದ್ದಾನೆ. ಕೆಂಪು ಬಣ್ಣ ಬೇಕಿದ್ದರೆ ಮೆಣಸಿನಕಾಯಿಯ ಜಾಗದಲ್ಲಿ ಗುಲಾಬಿ ಹಾಕಿ.

ಆಮೇಲೆ ಮರಗಿಡ. ಇವತ್ತು ನಮ್ಮ ಕಡೆ ಫೋಟೋ ತೆಗೆದರೆ ಅರ್ಧ ಚೌಕಟ್ಟು ಬಳ್ಳಾರಿ ಜಾಲಿಯೇ ತುಂಬಿರುತ್ತದೆ. ಅದು ಬಂದದ್ದು 19ನೇ ಶತಮಾನದಲ್ಲಿ. ಪಾಪಾಸುಕಳ್ಳಿ, ಲಂಟಾನ, ಗುಲ್‌ಮೊಹರ್, ನೀಲಗಿರಿ ಎಲ್ಲವೂ ಹೊರಗಿನಿಂದ ಬಂದವೇ. ಬೇವು, ಹುಣಸೆ, ಆಲ, ಅರಳಿ, ಹೊಂಗೆ, ಮುತ್ತುಗ, ಈಚಲು, ಕಾರೆ ಬಿಡಿಸಿ. ನದಿಯನ್ನೂ ಇವತ್ತಿನಂತೆ ಬಿಡಿಸಬೇಡಿ. 1953ರಲ್ಲಿ ಅಣೆಕಟ್ಟು ಆದ ಮೇಲಿನ ತುಂಗಭದ್ರೆ ಇದು. ಆಗಿನದು ಶ್ರಾವಣದಲ್ಲಿ ಬಂಡೆಗಳನ್ನು ಮುಳುಗಿಸಿಕೊಂಡು ಹರಿಯುವ ಹೊಳೆ.

ಅದೇ ಹೊಳೆ ದಾಟುವ ಹರಿಗೋಲು ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅದನ್ನು ಬುಟ್ಟಿಯಂಥ ದೋಣಿ ಅಂತ ವರ್ಣಿಸುತ್ತಾನೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ಹತ್ತಿಸಬಹುದು, ಆದರೆ ಸಾಮಾನ್ಯವಾಗಿ ಪ್ರಾಣಿಗಳು ಈಜಿಕೊಂಡೇ ದಾಟುತ್ತವೆ, ಹುಟ್ಟು ಹಾಕುವಾಗ ದೋಣಿ ಸುತ್ತುತ್ತಲೇ ಇರುತ್ತದೆ ಅನ್ನುತ್ತಾನೆ. ಹೊರ್ಮುಜ್‌ನಿಂದ ಬಂದ, ಸಾವಿರಾರು ಹಣ ಬಾಳುವ ಕುದುರೆಯನ್ನು ಗಿರಗಿರ ತಿರುಗುವ ಹರಿಗೋಲಿನಲ್ಲಿ ನಿಲ್ಲಿಸಿ ನೋಡಿ. ಚೌಕಟ್ಟುಗಳನ್ನೇ ವೃತ್ತವಾಗಿ ಜೋಡಿಸಿ ಒಂದು ಪುಟ ಪೂರ್ತಿ ಬರೆಯಬಹುದು. ನಾನು ಬರೆದಿದ್ದೇನೆ, ನನಗೆ ತುಂಬ ಇಷ್ಟವಾದ ಪುಟ ಅದು.

ಘಟ್ಟದಲ್ಲಿ ಗಾಡಿ ಬಿಡಿಸಬೇಡಿ, ಹೇರೆತ್ತು, ಅಂದರೆ ಬೆನ್ನ ಮೇಲೆ ಹೊರೆ ಹೊರುವ ಎತ್ತು ಬಿಡಿಸಿ. ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಓಡಾಡುತ್ತವೆ ಅಂತ ಪಾಯೆಸ್ ಬರೆದಿದ್ದಾನೆ. ಒಬ್ಬನೇ ಆಳು ಇಪ್ಪತ್ತು ಮೂವತ್ತು ಎತ್ತು ಹೊಡೆಯುತ್ತಾನೆ.

ಬಟ್ಟೆಗೆ ಲೇಪಾಕ್ಷಿಯ ಚಾವಣಿ ಚಿತ್ರಗಳು ಸಾಕು. 1530ರ ದಶಕದ ಸೀರೆಯ ಅಂಚು, ಗಂಡಸರ ಉದ್ದನೆಯ ಕುಲ್ಲಾಯಿ ಟೊಪ್ಪಿ, ಕಬಾಯಿ ಅನ್ನುವ ತೆಳ್ಳನೆಯ ನಿಲುವಂಗಿ ಎಲ್ಲವೂ ಅಲ್ಲಿವೆ. ಟಿವಿ ಧಾರಾವಾಹಿಯ ಕಿರೀಟಗಳನ್ನು ಮರೆತುಬಿಡಿ.

ನಾಣ್ಯದ ಲೆಕ್ಕ

ಲೋಕ ಒಂದೇ ಅಂತ ಓದುಗರಿಗೆ ನಂಬಿಕೆ ಬರುವುದು ಬೆಲೆಗಳಿಂದ. ನನ್ನ ಕಥೆಯಲ್ಲಿ ಒಂದು ಹೊರೆ ಹುಲ್ಲಿಗೆ ಒಂದು ತಾರ, ಭಟ್ಕಳದವಳ ಕಥೆಯಲ್ಲಿ ಐದು ವರಾಹ ಅಂದರೆ ಆಯ್ತು, ಲೋಕ ಒಡೆಯಿತು. ಅಬ್ದುಲ್ ರಜಾಕ್ ಕೊಟ್ಟ ಲೆಕ್ಕವನ್ನು ನಾವು ಖಾಯಂ ಮಾಡಿಕೊಂಡಿದ್ದೇವೆ. ಒಂದು ವರಾಹಕ್ಕೆ ಎರಡು ಪ್ರತಾಪ. ಒಂದು ಪ್ರತಾಪಕ್ಕೆ ಹತ್ತು ಹಣ. ಒಂದು ಹಣಕ್ಕೆ ಆರು ತಾರ, ಅದು ಬೆಳ್ಳಿ. ಒಂದು ತಾರಕ್ಕೆ ಮೂರು ಜಿತಲ್, ಅದು ತಾಮ್ರ. ಅಲ್ಲಿಗೆ ಒಂದು ವರಾಹಕ್ಕೆ 360 ಜಿತಲ್.

ಈಗ ಇದರ ಮೇಲೆ ಕಥೆ ಹುಟ್ಟುವುದನ್ನು ನೋಡಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಜ್ ಬರೆದಿರುವ ಪ್ರಕಾರ, ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ವರಾಹದಂತೆ ಕೊಳ್ಳುತ್ತಿದ್ದ, ಸತ್ತಿದ್ದರೂ ಸರಿ, ಬದುಕಿದ್ದರೂ ಸರಿ. ಕಡಲಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಅದಕ್ಕೂ ಪೂರ್ತಿ ಬೆಲೆ. ವ್ಯಾಪಾರಿಗಳು ಬೇರೆ ಕಡೆ ಹೋಗದಿರಲಿ ಅಂತ ರಾಜ ಆ ನಷ್ಟವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದ. ಇನ್ನು ಪಾಯೆಸ್ ನೋಡಿದ ಕಾಲಕ್ಕೆ ಪಟ್ಟಣದಲ್ಲಿ ಒಂದು ವರಾಹಕ್ಕೆ ಹನ್ನೆರಡು ಕುರಿ. ಈ ಎರಡು ಬೆಲೆಗಳ ಕಾಲದ ನಡುವೆ ಸುಮಾರು ಮೂವತ್ತು ವರ್ಷಗಳ ಅಂತರವಿದೆ, ನಿಜ. ಆದರೂ ಅಂದಾಜಿಗೆ ಒಂದು ಕುದುರೆ ಅಂದರೆ ನಾಲ್ಕು ಸಾವಿರ ಕುರಿ. ಕುರುಬರ ಹುಡುಗನೊಬ್ಬ ತನ್ನ ಮುಂದೆ ಹಾದುಹೋಗುವ ಕುದುರೆಯ ಬೆಲೆ ಕೇಳಿ ತನ್ನ ಹಟ್ಟಿಯ ಕುರಿಗಳನ್ನು ಎಣಿಸಲು ಶುರು ಮಾಡಿದರೆ, ಅದೊಂದೇ ಪುಟದಲ್ಲಿ ಆ ಸಾಮ್ರಾಜ್ಯ ಹೇಗೆ ನಡೆಯುತ್ತಿತ್ತು ಅಂತ ಓದುಗರಿಗೆ ಹೊಳೆಯುತ್ತದೆ.

ನಡಿಗೆಯ ಲೆಕ್ಕವೂ ಬರೆದಿಡಿ. ಭಟ್ಕಳದಿಂದ ಹಂಪಿಗೆ ಇವತ್ತಿನ ರಸ್ತೆಯಲ್ಲೂ 300 ಕಿಲೋಮೀಟರ್ ದಾಟುತ್ತದೆ. ಹೇರೆತ್ತಿನ ಸಾಲು ದಿನಕ್ಕೆ 15 ಕಿಲೋಮೀಟರ್ ಅಂತ ನಾವು ಇಟ್ಟುಕೊಂಡಿದ್ದೇವೆ. ಹಾಗಾಗಿ ಭಟ್ಕಳದಲ್ಲಿ ಸೋಮವಾರ ಹಡಗು ಮುಳುಗಿದ ಸುದ್ದಿ ರಾಜಧಾನಿಗೆ ಬುಧವಾರ ಮುಟ್ಟುವುದಿಲ್ಲ. ಸುದ್ದಿ ತಡವಾಗುವುದೇ ಒಳ್ಳೆಯ ಕಥೆಗಳ ಬೇರು. ಗಂಡ ಸತ್ತ ಸುದ್ದಿ ಬರುವ ಮೊದಲೇ ಹೆಂಡತಿ ಅವನ ಹೆಸರಿನಲ್ಲಿ ಸಾಲ ತೆಗೆದಿದ್ದರೆ?

ಪಾತ್ರ ಯಾರದ್ದು, ರಾಜ ಯಾರದ್ದು

ನನ್ನ ಪಾತ್ರ ಹುಲ್ಲಿನ ಚೆನ್ನವ್ವ. ಕುದುರೆಸಾಲಿನ ಹುಲ್ಲಿನ ಮಂಡಿಯ ಒಡತಿ, ಲೆಕ್ಕ ತಾನೇ ಬರೆಯುತ್ತಾಳೆ. ಆ ಕಾಲದ ಹೆಂಗಸು ಲೆಕ್ಕ ಬರೆಯುತ್ತಿದ್ದಳೇ ಅಂತ ಕೇಳುವವರಿಗೆ ನೂನಿಜ್ ಇದ್ದಾನೆ. ಅರಮನೆಯ ಒಳಗಿನ ಖರ್ಚಿನ ಲೆಕ್ಕ ಬರೆಯುವವರು ಹೆಂಗಸರೇ, ಕುಸ್ತಿ ಹಿಡಿಯುವವರೂ ಜ್ಯೋತಿಷ ಹೇಳುವವರೂ ಅವರಲ್ಲಿದ್ದರು ಅಂತ ಅವನು ಬರೆದಿದ್ದಾನೆ. ಚೆನ್ನವ್ವ ಬರೆಯುವುದು ಕಡತದ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಚಿದ ಕಪ್ಪು ಪುಸ್ತಕ, ಬಳಪದಲ್ಲಿ ಬಿಳಿ ಅಕ್ಷರ. ಚಿತ್ರದಲ್ಲಿ ಇದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ನಮ್ಮ ಲೋಕದ ನಿಯಮಗಳ ನೋಟ್‌ಬುಕ್‌ಗೂ ನಾವು ಕಡತ ಅಂತಲೇ ಕರೆಯುತ್ತೇವೆ.

ಹೆಸರಿಡುವಾಗ ಶಾಸನ ನೋಡಿ. ಬಿ. ಎಲ್. ರೈಸ್ ಕಾಲದಿಂದ ಶುರುವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಾಮಾನ್ಯ ಜನರ ಹೆಸರುಗಳು ರಾಶಿ ರಾಶಿ ಸಿಗುತ್ತವೆ. ಕಲ್ಲುಕುಟಿಗ, ಅಕ್ಕಸಾಲಿಗರ ಹೆಸರಿನ ಕೊನೆಗೆ ಓಜ ಬರುತ್ತದೆ: ಮಲ್ಲೋಜ, ಬೀರೋಜ. ವ್ಯಾಪಾರಿ ಸೆಟ್ಟಿ, ಊರಿನ ಯಜಮಾನ ಗೌಡ, ದಂಡಿನವನು ನಾಯಕ.

ಪಾತ್ರದ ಒಡೆತನಕ್ಕೆ ನಮ್ಮಲ್ಲಿ ಕಟ್ಟುನಿಟ್ಟು. ಚೆನ್ನವ್ವನನ್ನು ಯಾರು ಬೇಕಾದರೂ ತಮ್ಮ ಸಂತೆಯಲ್ಲಿ ನಿಲ್ಲಿಸಬಹುದು, ಹುಲ್ಲು ಮಾರಿಸಬಹುದು. ಅವಳಿಗೆ ಪೆಟ್ಟಾಗುವುದು, ಮದುವೆಯಾಗುವುದು, ಸಾಯುವುದು, ಅವಳ ಹಳೆಯ ಗುಟ್ಟು ಹೊರಬೀಳುವುದು, ಇವು ನನ್ನ ಪುಟದಲ್ಲಿ ಮಾತ್ರ. ಅವಳು ಆಡುವ ಮಾತನ್ನು ಅಚ್ಚಿಗೆ ಮುಂಚೆ ನನಗೆ ತೋರಿಸಬೇಕು. ಇನ್ನೊಂದು ನಿಯಮ: ಅಚ್ಚಾದದ್ದು ಮಾತ್ರ ಲೋಕದ ಸತ್ಯ. "ನನ್ನ ಮನಸ್ಸಿನಲ್ಲಿ ಅವಳಿಗೆ ಒಬ್ಬ ಅಣ್ಣ ಇದ್ದ" ಅನ್ನುವ ಮಾತಿಗೆ ಬೆಲೆಯಿಲ್ಲ. ಪುಟದಲ್ಲಿ ಬಂದಿಲ್ಲದ ಅಣ್ಣನ ಜಾಗದಲ್ಲಿ ಇನ್ನೊಬ್ಬರು ಅಕ್ಕನನ್ನು ತರಬಹುದು.

ನಿಜವಾಗಿ ಬದುಕಿದ್ದವರು ಯಾರ ಸ್ವತ್ತೂ ಅಲ್ಲ. ಕೃಷ್ಣದೇವರಾಯ ನಮ್ಮ ಪುಟಗಳಲ್ಲಿ ಬಂದರೆ ದೂರದಿಂದ ಬರುತ್ತಾನೆ. ಮೆರವಣಿಗೆಯಲ್ಲಿ, ಜನರ ತಲೆಗಳ ಆಚೆ, ಅಥವಾ ಬರೀ ಮಾತಿನಲ್ಲಿ. ಅವನ ಮನಸ್ಸಿನ ಮಾತು ಹಾಕುವುದಿಲ್ಲ. ದಾಖಲೆಯಲ್ಲಿ ಇರುವ ಕೆಲಸವನ್ನು ಬದಲಿಸುವುದಿಲ್ಲ. ಇದರಿಂದ ಕೈ ಕಟ್ಟಿಹಾಕಿದಂತಾಗುತ್ತದೆ ಅಂತ ಹೊಸಬರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಾಜ ದೂರದಲ್ಲಿದ್ದಷ್ಟೂ ಚೆನ್ನವ್ವ ಹತ್ತಿರ ಬರುತ್ತಾಳೆ.

ಧರ್ಮದ ಗೆರೆ ಎಳೆದು ಒಳ್ಳೆಯವರು, ಕೆಟ್ಟವರು ಅಂತ ಭಾಗ ಮಾಡಬೇಡಿ. ಇದನ್ನು ನಾನು ಮೆತ್ತಗೆ ಹೇಳುವುದಿಲ್ಲ. ಹಂಪಿಯಲ್ಲೇ 1439ರ ಒಂದು ಶಾಸನವಿದೆ: ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಒಂದು ಧರ್ಮಸಾಲೆ ಕಟ್ಟಿಸಿದ್ದು. ಆ ಕಟ್ಟಡವನ್ನು ಇವತ್ತು ಮಸೀದಿ ಅಂತ ಗುರುತಿಸುತ್ತಾರೆ. ವಿಜಯನಗರದ ದಂಡಿನಲ್ಲಿ ಮುಸ್ಲಿಂ ಸವಾರರಿದ್ದರು, ಕುದುರೆ ಇಳಿಸಿದವರಲ್ಲಿ ಅರಬರೂ ಪರ್ಷಿಯಾದವರೂ ಇದ್ದರು. ನಮ್ಮ ಭಟ್ಕಳದ ಗೆಳತಿಯ ಪಾತ್ರ ಯೂಸುಫ್ ಹೊರ್ಮುಜ್‌ನಿಂದ ಕುದುರೆಗಳ ಜೊತೆ ಬಂದವನು, ಕುದುರೆಗಳ ಕಾಯಿಲೆ ಬಲ್ಲವನು. ಚೆನ್ನವ್ವನಿಗೂ ಅವನಿಗೂ ಹುಲ್ಲಿನ ಗುಣದ ಬಗ್ಗೆ ಕೊನೆಯಿಲ್ಲದ ವಾದ. ಆ ವಾದ ಇಬ್ಬರ ಪುಟಗಳಲ್ಲೂ ಮುಂದುವರಿಯುತ್ತಿದೆ.

ಕಥೆಗಳನ್ನು ಹೆಣೆಯುವುದು

ಪಾತ್ರಗಳು ಪದೇ ಪದೇ ಭೇಟಿಯಾದರೆ ಲೋಕ ಚಿಕ್ಕದಾಗಿ ಕಾಣುತ್ತದೆ. ಬದಲಿಗೆ ಒಂದು ವಸ್ತುವೋ ಪ್ರಾಣಿಯೋ ದಾರಿಯುದ್ದಕ್ಕೂ ಸಾಗಲಿ. ನಾವು ಬಳಸಿದ್ದು ಎಡ ಹಿಂಗಾಲಿಗೆ ಬಿಳಿ ಪಟ್ಟೆಯಿದ್ದ ಒಂದು ಕಂದು ಕುದುರೆ. ಭಟ್ಕಳದ ಕಥೆಯಲ್ಲಿ ಅದು ಹಡಗಿನಿಂದ ಇಳಿಯುತ್ತದೆ. ಶಿರಸಿಯವನ ಕಥೆಯಲ್ಲಿ ಕಾಡಿನಲ್ಲಿ ತಪ್ಪಿಸಿಕೊಳ್ಳುತ್ತದೆ. ನನ್ನಲ್ಲಿ ಅದಕ್ಕೆ ಹೊಟ್ಟೆನೋವು. ರಾಯಚೂರಿನವನ ಕಥೆಯಲ್ಲಿ ದಂಡಿನ ಸಾವಿರಾರು ಕುದುರೆಗಳ ನಡುವೆ ಒಂದೇ ಚೌಕಟ್ಟಿನಲ್ಲಿ ಆ ಬಿಳಿ ಪಟ್ಟೆ ಕಾಣುತ್ತದೆ. ಯಾವ ಕಥೆಯನ್ನು ಒಂಟಿಯಾಗಿ ಓದಿದರೂ ಕೊರತೆಯಿಲ್ಲ. ಎಲ್ಲ ಓದಿದವರಿಗೆ ಮಾತ್ರ ಆ ಚೌಕಟ್ಟಿನಲ್ಲಿ ಎದೆ ಹಿಡಿದಂತಾಗುತ್ತದೆ.

ದೊಡ್ಡ ಘಟನೆಯನ್ನೂ ಹೀಗೇ ಪಕ್ಕದಿಂದ ಹಿಡಿಯಿರಿ. ರಾಯಚೂರಿನ ಯುದ್ಧವನ್ನು ನೇರವಾಗಿ ಬರೆಯಲು ನೂನಿಜ್ ಬೇಕಾದಷ್ಟು ವಿವರ ಕೊಟ್ಟಿದ್ದಾನೆ. ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ತೊವಾಂವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಬರುತ್ತಾರೆ. ಆದರೆ ಕುದುರೆಸಾಲಿನಿಂದ ನೋಡಿದರೆ ಯುದ್ಧ ಅಂದರೆ ಹುಲ್ಲಿನ ಬೆಲೆ ಏರುವುದು, ಹೇರೆತ್ತುಗಳನ್ನು ದಂಡು ಎಳೆದುಕೊಂಡು ಹೋಗುವುದು, ವೈಶಾಖದ ಬಿಸಿಲಿಗೆ ಕೆರೆ ಬತ್ತಿರುವಾಗ ದಂಡಿನ ಪ್ರಾಣಿಗಳಿಗೆ ನೀರು ಎಲ್ಲಿಂದ ತರುವುದು ಅನ್ನುವ ಚಿಂತೆ.

ಮೊದಲ ಕಥೆ ಎಂಟು ಪುಟ ದಾಟದಿರಲಿ. ನನ್ನದು ಬಾಲದ ಕಥೆ. ಸಾಳುವ ನರಸಿಂಹನ ಕಾಲದಲ್ಲಿ ಚೆನ್ನವ್ವನ ಅಜ್ಜಿಯ ಅಂಗಳಕ್ಕೆ ಒಬ್ಬ ವ್ಯಾಪಾರಿ ಬರುತ್ತಾನೆ, ಚೀಲದಲ್ಲಿ ಮೂರು ಬಾಲ. ಎರಡು ಕಡಲಿನಲ್ಲಿ ಸತ್ತ ಕುದುರೆಗಳದ್ದು. ಮೂರನೆಯದು ಯಾವ ಪ್ರಾಣಿಯದ್ದು ಅಂತ ಅಜ್ಜಿ ಮೂಸಿ ನೋಡಿ ಕಂಡುಹಿಡಿಯುತ್ತಾಳೆ. ಮೂರನೇ ಬಾಲ ಅಲ್ಲೇ ಉಳಿಯುತ್ತದೆ. 1520ರ ಎಲ್ಲ ಕಥೆಗಳಲ್ಲೂ ಅದು ಹುಲ್ಲಿನ ಮಂಡಿಯ ಬಾಗಿಲಿಗೆ ನೇತುಬಿದ್ದಿರುತ್ತದೆ, ಯಾರು ಬರೆದರೂ ಸರಿ.

ಪುಟ ಕಟ್ಟುವುದು

ಕಾಮಿಕ್ಸ್ ಪುಟದ ವಿನ್ಯಾಸಕ್ಕೆ ಹಜಾರರಾಮನ ಗುಡಿಯ ಹೊರಗೋಡೆಗಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಕೆಳಗೆ ಆನೆಗಳ ಸಾಲು, ಮೇಲೆ ಕುದುರೆಗಳು ಮತ್ತು ಅವನ್ನು ಹಿಡಿದು ನಡೆಸುವವರು, ಅದರ ಮೇಲೆ ದಂಡು, ಕುಣಿಯುವ ಹೆಂಗಸರು. ಪ್ರತಿ ಸಾಲಿಗೂ ಒಂದು ನಡಿಗೆ. ಆ ಗೋಡೆಯ ಮುಂದೆ ಸ್ಕೆಚ್ ಪುಸ್ತಕ ಹಿಡಿದು ಕೂತರೆ ಗುಂಪನ್ನು ಬಿಡಿಸುವುದು ತಾನಾಗಿ ಬರುತ್ತದೆ. ಒಂದೇ ಕುದುರೆಯ ನಡೆಯನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋಗಬೇಕು, ಅಷ್ಟೇ.

ಪಾತ್ರವೊಂದು ಸಾಯುವ ಪುಟಕ್ಕೆ ವೀರಗಲ್ಲಿನ ಕ್ರಮ ಹಿಡಿಯಬಹುದು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಕೆಳಗಿನಿಂದ ಮೇಲಕ್ಕೆ ಓದಿಸಬೇಕಾದ್ದರಿಂದ ಹಿಂದಿನ ಪುಟದ ಕೊನೆಯ ಚೌಕಟ್ಟನ್ನು ಬಲ ಕೆಳಮೂಲೆಯಲ್ಲಿಡಿ, ಎದುರು ಪುಟದಲ್ಲಿ ಕಣ್ಣು ಅಲ್ಲೇ ಇಳಿಯುತ್ತದೆ. ಒಂದು ಪುಸ್ತಕದಲ್ಲಿ ಒಮ್ಮೆ ಮಾತ್ರ ಮಾಡಿ.

ಅಕ್ಷರದ ಕಡೆ ಗಮನ ಕೊಡಿ. ಕನ್ನಡದ ಪದ ಉದ್ದ, ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಹಾಗಾಗಿ ಸಾಲುಗಳ ನಡುವೆ ಜಾಗ ಬಿಡಲೇಬೇಕು. ಮೊದಲು ಮಾತು ಬರೆದು ಆಮೇಲೆ ಅದರ ಸುತ್ತ ಬಲೂನು ಎಳೆಯಿರಿ. ಒಂದು ಬಲೂನಿಗೆ ಹತ್ತು ಪದ ಸಾಕು. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರ ಒಡೆದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಕೈಬರಹ ಚೆನ್ನಾಗಿದ್ದರೆ ಕೈಯಲ್ಲೇ ಬರೆಯಿರಿ, ಅದಕ್ಕೆ ಸಮ ಯಾವುದೂ ಇಲ್ಲ. ಸದ್ದಿನ ಪದಗಳಿಗೆ ನಮ್ಮ ಭಾಷೆ ಶ್ರೀಮಂತ: ಗಿರಗಿರ, ದಬದಬ, ಸರ್ರನೆ, ಧಡಾರ್, ಚುರ್. ಸಾಲುಚಿತ್ರವನ್ನು 600 ಡಿಪಿಐನಲ್ಲಿ, ಬಣ್ಣವನ್ನು 300ರಲ್ಲಿ ಸ್ಕ್ಯಾನ್ ಮಾಡಿ.

ಮಾತು ಹಳೆಗನ್ನಡದಲ್ಲಿ ಬೇಡ, ಓದುವವರಿಗೆ ಕಷ್ಟ. ಕರಾವಳಿಯವರು, ಬಯಲುಸೀಮೆಯವರು ಮಾತಾಡುವ ಧಾಟಿಯಲ್ಲಿ ವ್ಯತ್ಯಾಸ ಇರಲಿ, ಅದು ಸಾಕು. ಪೋರ್ಚುಗೀಸರಿಂದ ಬಂದ ಮೇಜು, ಚಾವಿ, ಅಲಮಾರುಗಳನ್ನು ಮಾತ್ರ ಚೆನ್ನವ್ವನ ಬಾಯಿಂದ ತೆಗೆದುಬಿಡಿ.

ಕಾಗದಪತ್ರ

ಸ್ನೇಹಿತರೇ ಅಲ್ವಾ ಅಂತ ಸುಮ್ನೆ ಬಿಡಬೇಡಿ. ಒಂದು ಪುಟದ ಒಪ್ಪಂದ ಬರೆದು ಎಲ್ಲರೂ ಸಹಿ ಮಾಡಿ: ಊರು, ನಕ್ಷೆ, ಕಡತ ಎಲ್ಲರದ್ದು, ಪಾತ್ರ ಮತ್ತು ಪುಟ ಅವರವರದ್ದು, ಗುಂಪು ಬಿಟ್ಟುಹೋದವರ ಪಾತ್ರವನ್ನು ಬೇರೆಯವರು ಮುಂದುವರಿಸಬಹುದೋ ಇಲ್ಲವೋ. ಪ್ರಕಾಶಕರಿಗೆ ಹಕ್ಕು ಕೊಡುವಾಗ ಅವಧಿ ಮತ್ತು ಪ್ರದೇಶವನ್ನು ಸ್ಪಷ್ಟವಾಗಿ ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಅಂತ ಲೆಕ್ಕ. ಪಾಯೆಸ್, ನೂನಿಜ್ ಬರಹಗಳನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅದರ ಹಕ್ಕಿನ ಅವಧಿ ಮುಗಿದಿದೆ, ಧೈರ್ಯವಾಗಿ ಬಳಸಿ. ಈಚಿನ ವಿದ್ವಾಂಸರ ಕನ್ನಡ ಅನುವಾದದ ಸಾಲುಗಳನ್ನು ಹಾಗೇ ಎತ್ತಿಕೊಳ್ಳಬೇಡಿ.

ಪ್ರತಿ ಕಥೆ ಅಚ್ಚಾದ ವಾರದೊಳಗೆ ಕಡತಕ್ಕೆ ಸೇರಿಸಬೇಕಾದ್ದು ಇಷ್ಟು: ಮಾಸ, ತಿಥಿ, ಬಂದ ಪಾತ್ರಗಳು, ಹೇಳಿದ ಬೆಲೆಗಳು, ಊರಿನಲ್ಲಿ ಹೊಸದಾಗಿ ಕಂಡ ಕಟ್ಟಡ ಅಥವಾ ಮರ, ಮತ್ತು ಬಿಡಿಸದೆ ಬಿಟ್ಟ ಒಂದು ಪ್ರಶ್ನೆ. ಆ ಪ್ರಶ್ನೆಯನ್ನು ಗುಂಪಿನ ಬೇರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಈಗ ನಮ್ಮ ಕಡತದಲ್ಲಿ ಬಾಕಿಯಿರುವ ಪ್ರಶ್ನೆ, ಕುದುರೆಸಾಲಿನ ಕೆರೆ ಕಟ್ಟಿಸಿದವರು ಯಾರು ಅನ್ನುವುದು. ರಾಯಚೂರಿನವನು ಅದನ್ನು ಕೇಳಿಕೊಂಡಿದ್ದಾನೆ. ಅದಕ್ಕಾಗಿ ನಿಜವಾದ ಕೆರೆಯೊಂದರ ಏರಿಯ ತೂಬಿನ ಕಲ್ಲುಗಳ ಅಳತೆ ತೆಗೆಯುತ್ತಿದ್ದಾನೆ.